ರೂಮಲ್ಲಿ ಬೇಸ್ ಕೇಳ್ಸಲ್ಲ, ಕಾರಲ್ಲಿ ಹಾಕಿದ್ರೆ ಗುಂಯ್ ಅನ್ನುತ್ತೆ, ಸಬ್‌ವೂಫರ್ ತಗೋಬೇಕಾ?

ತಂಬೂರಿತಂತಿ (ಮೈಸೂರು)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಮ್ಮಂಗೆ ಈಗ 67. ಅವ್ರ ಅಜ್ಜಿಯಿಂದ ಕಲ್ತಿರೋ ದಾಸರ ಪದಗಳು ಸುಮಾರು ನಲವತ್ತು ಬರುತ್ತೆ, ಸಾಹಿತ್ಯ ಎಲ್ಲಾ ಪುಸ್ತಕದಲ್ಲಿ ಸಿಗುತ್ತೆ ಆದ್ರೆ ಆ ಧಾಟಿ ನಾನು ಬೇರೆ ಎಲ್ಲೂ ಕೇಳಿಲ್ಲ, ಅದಕ್ಕೇ ಅವ್ರ ಕಂಠ ಗಟ್ಟಿಯಾಗಿರೋವಾಗ್ಲೇ ಎಲ್ಲಾ ರೆಕಾರ್ಡ್ ಮಾಡಿಡೋಣ ಅಂತ ಹೋದ ವರ್ಷದಿಂದ ಮನೇಲೇ ಒಂದು ರೂಮಲ್ಲಿ ಸ್ಟುಡಿಯೋ ಥರ ಮಾಡ್ಕೊಂಡಿದೀನಿ. ಅಮ್ಮ ಹಾಡ್ತಾರೆ, ಫ್ರೆಂಡ್ ಒಬ್ರು ಮೃದಂಗ, ನಾನು ಕೀಬೋರ್ಡಲ್ಲಿ ತೆಳ್ಳಗೆ ಬೇಸ್ (ತಗ್ಗಿನ ಸ್ವರ) ಮತ್ತೆ ಪ್ಯಾಡ್ (ಹಿನ್ನೆಲೇಲಿ ಎಳೆದು ನಿಲ್ಲೋ ಸ್ವರ).

ರೂಮು 13 ಅಡಿ ಉದ್ದ, 10 ಅಡಿ ಅಗಲ, ಎತ್ತರಾನೂ 10. ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಒಂದು ಕಿಟಕಿ, ಒಂದು ಕಬ್ಬಿಣದ ಬೀರು, ಹಿಂದುಗಡೆ ಒಂದು ಸಿಂಗಲ್ ಮಂಚ. ಬಾಡಿಗೆ ಮನೆ, ಗೋಡೆಗೆ ಡ್ರಿಲ್ ಹಾಕೋ ಹಾಗಿಲ್ಲ. ಮಾನಿಟರ್ (ರೆಕಾರ್ಡ್ ಮಾಡಿದ್ದನ್ನ ಕೇಳೋ ಸ್ಟುಡಿಯೋ ಸ್ಪೀಕರ್) ಯಮಹಾ ಎಚ್‌ಎಸ್7 ಜೋಡಿ. ಸ್ಪೀಕರ್ ಗೋಡೆಯಿಂದ ದೂರ ಇರ್ಬೇಕು ಅಂತ ಎಲ್ಲೋ ವಿಡಿಯೋದಲ್ಲಿ ನೋಡಿ ಟೇಬಲ್ ಮುಂದಕ್ಕೆ ಎಳ್ದಿದೀನಿ, ಸ್ಪೀಕರ್ ಮುಖ ಮುಂದಿನ ಗೋಡೆಯಿಂದ ಸರಿಯಾಗಿ 3 ಅಡಿ, ನಾನು ಕೂರೋದು ಹೆಚ್ಚುಕಡಿಮೆ ರೂಮಿನ ಮಧ್ಯ.

ಪ್ರಾಬ್ಲಮ್ ಏನಂದ್ರೆ ಮಿಕ್ಸ್ ಮಾಡೋವಾಗ (ಎಲ್ಲಾ ದನಿ ಹದವಾಗಿ ಸೇರಿಸೋವಾಗ) ಬೇಸ್ ಸಾಲ್ತಾನೇ ಇಲ್ಲ. ಅದೂ ಎಲ್ಲಾ ಸ್ವರ ಅಲ್ಲ, ಕೀಬೋರ್ಡಲ್ಲಿ ಕೆಳಗಿನ ಎ ಒತ್ತಿದ್ರೆ ಇದೆಯೋ ಇಲ್ವೋ ಅನ್ನೋ ಹಾಗೆ, ಸಿ ಒತ್ತಿದ್ರೆ ದಂಡಿಯಾಗಿ ಬರುತ್ತೆ. ಅದಕ್ಕೆ ಈಕ್ಯೂನಲ್ಲಿ (ಬೇರೆ ಬೇರೆ ಸ್ವರದ ಮಟ್ಟ ಏರಿಸಿ ಇಳಿಸೋ ಸಾಧನ) ಬೇಸ್ ಎತ್ತುತೀನಿ, ಮೃದಂಗದ ಎಡಭಾಗಾನೂ ಎತ್ತುತೀನಿ, ರೂಮಲ್ಲಿ ಸರಿ ಅನ್ಸುತ್ತೆ, ಕಾರಲ್ಲಿ ಹಾಕಿದ್ರೆ ಡೋರ್ ಅದುರುತ್ತೆ, ಅಮ್ಮನ ದನಿ ಆ ಗುಂಯ್ ಒಳಗೆ ಮುಳುಗಿ ಹೋಗಿರುತ್ತೆ. ಎಕೋ ಜಾಸ್ತಿ ಅಂತ ಆನ್‌ಲೈನಲ್ಲಿ ಒಂದಿಂಚಿನ ಪಿರಮಿಡ್ ಫೋಮ್ 48 ಪೀಸ್ ತರಿಸಿ ಡಬಲ್ ಟೇಪಲ್ಲಿ ಅಂಟಿಸ್ದೆ. ಎಕೋ ಹೋಯ್ತು ಆದ್ರೆ ರೂಮು ಸತ್ತ ಹಾಗಿದೆ, ಬೇಸ್ ಕಥೆ ಹಾಗೇ ಇದೆ.

ಕೈಯಲ್ಲಿ 25 ಸಾವಿರ ಇದೆ. ಎಚ್‌ಎಸ್8ಎಸ್ ಸಬ್ (ಸಬ್‌ವೂಫರ್, ಬರೀ ಬೇಸ್ ಕೊಡೋ ಸ್ಪೀಕರ್) ಕಡೆಗೆ ಹಾಕ್ಲಾ, ಇಲ್ಲಾ ಈಗಿರೋದನ್ನ ಮಾರಿ ಅದೇ ಸರಣಿಯ ದೊಡ್ಡ ಎಚ್‌ಎಸ್8ಗೆ ಹೋಗ್ಲಾ? ತಿಳ್ದೋರು ಹೇಳಿ ಪ್ಲೀಸ್.

ಗೆಜ್ಜೆ_ಗಿರೀಶ

ಸರ್ ನಮ್ಮ ಫ್ರೆಂಡ್ ಒಬ್ರು ಗೋಡೆಗೆಲ್ಲಾ ಮೊಟ್ಟೆ ಟ್ರೇ ಅಂಟಿಸಿದಾರೆ, ಖರ್ಚು ಕಮ್ಮಿ. ಮಿಕ್ಕಿದ ದುಡ್ಡಲ್ಲಿ ಸಬ್ ತಗೊಳ್ಳಿ, ಬೇಸ್ ಕಮ್ಮಿ ಅಂದ್ರೆ ಸಬ್ಬೇ ಅಲ್ವಾ ಬೇಕಿರೋದು.

ಎರಡುಗೋಡೆ (ಬೆಂಗಳೂರು)

ಗಿರೀಶ್ ಅವ್ರೇ, ಬೇಜಾರು ಮಾಡ್ಕೋಬೇಡಿ, ಮೊಟ್ಟೆ ಟ್ರೇ ತೆಳು ರಟ್ಟು, ಬೇಸ್‌ಗೆ ಅದು ಇದೆ ಅನ್ನೋದೇ ಗೊತ್ತಾಗಲ್ಲ, ಮೇಲಿನ ಶಬ್ದ ಒಂಚೂರು ಚದುರುತ್ತೆ ಅಷ್ಟೇ. ಬೆಂಕಿಗೂ ಅಪಾಯ.

ತಂಬೂರಿತಂತಿ ಸರ್, ಸಬ್ ಖಂಡಿತ ಬೇಡ. ಎಚ್‌ಎಸ್7 43 ಹರ್ಟ್ಸ್‌ವರೆಗೂ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ಸ್ವರ ತಗ್ಗು) ಇಳಿಯುತ್ತೆ, ನಿಮ್ಮ ಕೆಳಗಿನ ಎ ಇರೋದು 55ರಲ್ಲಿ, ಸ್ಪೀಕರ್ ಅದನ್ನ ಕೊಡ್ತಾನೇ ಇದೆ. ನೀವು ಕೂತಿರೋ ಜಾಗದಲ್ಲಿ ಅದು ಇಲ್ಲ. ಎದ್ದು ಹಿಂದಿನ ಮೂಲೇಗೆ ಹೋಗಿ ಕಿವಿ ಇಟ್ಟು ಅದೇ ಸ್ವರ ಕೇಳಿ, ಗೋಡೆ ತುಂಬಾ ಬೇಸ್ ಇರುತ್ತೆ.

ಲೆಕ್ಕ ಹೇಳ್ತೀನಿ, ಕಷ್ಟ ಇಲ್ಲ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತೆ. ಅದನ್ನ ರೂಮಿನ ಅಳತೆಯ ಎರಡರಷ್ಟರಿಂದ ಭಾಗಿಸಿದ್ರೆ ಆ ಎರಡು ಗೋಡೆ ಮಧ್ಯೆ ನಿಲ್ಲೋ ಮೊದಲನೇ ಅಲೆ ಸಿಗುತ್ತೆ. 13 ಅಡಿಗೆ 43 ಹರ್ಟ್ಸ್, 10 ಅಡಿಗೆ 56. ನಿಮ್ಮ ಅಗಲ ಎತ್ತರ ಎರಡೂ ಹತ್ತೇ ಆಗಿರೋದ್ರಿಂದ ಎರಡರ ಕಾಟಾನೂ 56ರಲ್ಲೇ ಒಂದರ ಮೇಲೊಂದು ಕೂತಿದೆ. ಈ ಅಲೆ ಗೋಡೆ ಹತ್ರ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ನೀವು ಕೂತಿರೋದು ಉದ್ದಕ್ಕೂ ನಡು, ಅಗಲಕ್ಕೂ ನಡು, ಕಿವಿ ನಾಲ್ಕಡಿ ಎತ್ತರ ಅಂದ್ರೆ ಎತ್ತರಕ್ಕೂ ಸುಮಾರು ನಡುವೇ. ರೂಮಲ್ಲಿ ಬೇಸ್ ಅತೀ ಕಮ್ಮಿ ಇರೋ ಜಾಗ ಹುಡುಕಿ ಕುರ್ಚಿ ಹಾಕಿದ ಹಾಗಾಗಿದೆ. ಅಲ್ಲಿ ಕೂತು ಬೇಸ್ ಎತ್ತಿದ್ರೆ ಕಾರಲ್ಲಿ ಡೋರ್ ಅದುರದೇ ಇನ್ನೇನಾಗುತ್ತೆ. ಸಬ್ ತಂದ್ರೂ ಆ ಜಾಗದಲ್ಲಿ ಸೊನ್ನೆ ಸೊನ್ನೇನೇ.

ಇನ್ನೊಂದು ಇದೆ. ಬೇಸ್ ಎಲ್ಲಾ ದಿಕ್ಕಿಗೂ ಹರಡುತ್ತಲ್ಲ, ಸ್ಪೀಕರ್ ಹಿಂದಕ್ಕೆ ಹೋಗಿದ್ದು ಮುಂದಿನ ಗೋಡೆಗೆ ಬಡಿದು ವಾಪಸ್ ಬರುತ್ತೆ. ಸ್ಪೀಕರ್ ಮುಖ ಗೋಡೆಯಿಂದ 3 ಅಡಿ ಇದ್ರೆ ಹೋಗಿ ಬರೋ ದಾರಿ 6 ಅಡಿ, ಸುಮಾರು 94 ಹರ್ಟ್ಸಿಗೆ ಅದು ಅರ್ಧ ಅಲೆ, ಉಲ್ಟಾ ಬಂದು ನೇರ ಶಬ್ದಾನ ಹೊಡೆದು ಹಾಕುತ್ತೆ. ಮೃದಂಗದ ಎಡಭಾಗದ ತುಂಬುತನ ಬಹುಪಾಲು ಇರೋದು ಈ ಸುತ್ತಮುತ್ತಲೇ. ಗೋಡೆಯಿಂದ ದೂರ ಇಡಿ ಅನ್ನೋ ಮಾತು ದೊಡ್ಡ ಹಾಲಿಗೆ ಸರಿ, ಆರೇಳು ಅಡಿ ಬಿಡೋಕಾಗೋರಿಗೆ. ನಮ್ಮ ಸಣ್ಣ ರೂಮಲ್ಲಿ ಎರಡು ಮೂರು ಅಡಿ ಬಿಡೋದೇ ಎಲ್ಲಕ್ಕಿಂತ ಕೆಟ್ಟದ್ದು. ಉಲ್ಟಾ ಗೋಡೆ ಹತ್ರಕ್ಕೆ ತಳ್ಳಿ, ಹಿಂದಿನ ಪೋರ್ಟ್‌ಗೆ (ಗಾಳಿ ತೂತು) ಐದಿಂಚು ಬಿಟ್ರೆ ಸಾಕು. ಆಗ ಮುಖ ಗೋಡೆಯಿಂದ ಒಂದೂಕಾಲು ಅಡಿ ಚಿಲ್ರೆ ಬರುತ್ತೆ, ಆ ಗುಂಡಿ (ಶಬ್ದ ಮಾಯ ಆಗೋದು) 94ರಿಂದ 210ರ ಸುತ್ತಕ್ಕೆ ಮೇಲೆ ಹೋಗುತ್ತೆ, ಅಲ್ಲಿ ಅದನ್ನ ನಾಲ್ಕಿಂಚಿನ ಪ್ಯಾನೆಲ್ (ಶಬ್ದ ಹೀರೋ ಚೌಕಟ್ಟು) ಹಿಡಿಯುತ್ತೆ, 94ನ್ನ ಹಿಡಿಯೋದು ಕಷ್ಟ. ಗೋಡೆ ಹತ್ರ ಬಂದಿದ್ದಕ್ಕೆ ಬೇಸ್ ಒಟ್ಟಾರೆ ಉಬ್ಬುತ್ತೆ, ಅದಕ್ಕೇ ಹಿಂದುಗಡೆ ರೂಮ್ ಕಂಟ್ರೋಲ್ ಅಂತ ಸ್ವಿಚ್ ಇದೆ ನೋಡಿ, ಮೈನಸ್ 2 ಇಲ್ಲಾ ಮೈನಸ್ 4ಕ್ಕೆ ಹಾಕಿ.

ಕುರ್ಚಿ ಮುಂದಿನ ಗೋಡೆಯಿಂದ ಉದ್ದದ 38 ಪರ್ಸೆಂಟ್, ನಿಮಗೆ ಸುಮಾರು 5 ಅಡಿ. ಅದು ಶಾಸ್ತ್ರ ಅಲ್ಲ, ಶುರು ಮಾಡೋ ಜಾಗ, ಅಲ್ಲಿಂದ ಹಿಂದೆ ಮುಂದೆ ಅರ್ಧ ಅಡಿ ಸರಿಸಿ ನೋಡಿ. ಎರಡು ಸ್ಪೀಕರ್ ನಡುವೆ ನಾಲ್ಕೂಕಾಲು ಅಡಿ, ನಿಮ್ಮ ತಲೆಗೂ ಅಷ್ಟೇ, ಟ್ವೀಟರ್ (ಸ್ಪೀಕರಲ್ಲಿ ಮೇಲಿನ ಸ್ವರ ಕೊಡೋ ಸಣ್ಣ ಭಾಗ) ಕಿವಿ ಮಟ್ಟಕ್ಕೆ, ಎಡಬಲ ಗೋಡೆಗೆ ಒಂದೇ ಅಳತೆ. ಟೇಪ್ ಹಿಡಿದು ಅಳೀರಿ, ಕಣ್ಣಂದಾಜು ಬೇಡ.

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮೊದಲು ಇಷ್ಟು ಮಾಡಿ, ಆಮೇಲೆ ದುಡ್ಡಿನ ಮಾತು. ಟೋನ್ ಜನರೇಟರ್ ಆಪ್ ಹಾಕ್ಕೊಂಡು 40ರಿಂದ 120 ಹರ್ಟ್ಸ್‌ವರೆಗೂ ನಿಧಾನಕ್ಕೆ ಏರಿಸ್ತಾ ಎಲ್ಲಿ ಮಾಯ ಆಗುತ್ತೆ ಎಲ್ಲಿ ಉಬ್ಬುತ್ತೆ ಬರ್ಕೊಳ್ಳಿ, ಈಗಿನ ಜಾಗದಲ್ಲೊಮ್ಮೆ, ಹೊಸ ಜಾಗದಲ್ಲೊಮ್ಮೆ. ಫೋನಿನ ಸ್ಪೀಕರಲ್ಲಿ ಅಲ್ಲ, ಮಾನಿಟರಲ್ಲಿ. ಮುಂದೆ ಮೆಷರ್‌ಮೆಂಟ್ ಮೈಕ್ ಸಿಕ್ಕಿದ್ರೆ ಆರ್‌ಇಡಬ್ಲ್ಯೂ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಗ್ರಾಫೇ ತೋರ್ಸುತ್ತೆ.

ಫೋಮ್ ಬಗ್ಗೆ: ಒಂದಿಂಚಿನ ಫೋಮ್ ಸಾವಿರ ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಮಾಡಲ್ಲ. 56 ಹರ್ಟ್ಸ್ ಅಲೆ 20 ಅಡಿ ಉದ್ದ ಇರುತ್ತೆ ಸರ್. ನೀವು ಮೇಲಿನದೆಲ್ಲಾ ಹೀರಿಸಿ ಕೆಳಗಿನದನ್ನ ಮಾತ್ರ ಉಳ್ಸಿದೀರಿ, ಅದಕ್ಕೇ ಸತ್ತ ಹಾಗಿದೆ. ಅರ್ಧಕ್ಕರ್ಧ ಕಿತ್ತು ಹಾಕಿ.

ಕೋರಾಅರಿವಿ (ಹುಬ್ಬಳ್ಳಿ)

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಐತ್ರಿ. ನಾ ಪ್ಯಾನೆಲ್ ಮಾಡೂದ್ರ ಬಗ್ಗೆ ಹೇಳತೇನಿ, ನಮ್ಮ ಮನ್ಯಾಗ ಎಂಟು ಮಾಡೇನಿ, ಮೂರು ವರ್ಷ ಆತು, ಒಂದೂ ಕೆಟ್ಟಿಲ್ಲ.

ರಾಕ್‌ವೂಲ್ (ಕಲ್ಲಿನ ಎಳಿ) ಸ್ಲ್ಯಾಬ್ ತಗೋರಿ, 4 ಅಡಿ 2 ಅಡಿ ಸೈಜ್, ಎರಡಿಂಚ್ ದಪ್ಪ ಬರತಾವು, ಎರಡ ಸೇರಿಸಿದ್ರ ನಾಕಿಂಚ್. ಡೆನ್ಸಿಟಿ (ಘನ ಮೀಟರಿಗೆ ಎಷ್ಟು ಕೆಜಿ ಅನ್ನೂದು) 48 ಸಾಕ್ರಿ. ಅಂಗಡ್ಯಾವ್ರು 96 ಚಲೋ ಐತಿ, 144 ಚಲೋ ಐತಿ ಅಂತ ಹೇಳ್ತಾರ, ದಪ್ಪ ಪ್ಯಾನೆಲ್ಲಿಗೆ ಅದು ಬ್ಯಾಡ, ಗಟ್ಟಿ ಆದಷ್ಟೂ ಬೇಸ್ ಒಳಗ ಹೋಗೂದ ಬಿಟ್ಟು ವಾಪಸ್ ಬರತೈತಿ, ರೊಕ್ಕಾನೂ ಜಾಸ್ತಿ. ಎಸಿ ಡಕ್ಟ್, ಇನ್ಸುಲೇಷನ್ ಕೆಲಸದ ಸಾಮಾನು ಮಾರೋ ಅಂಗಡ್ಯಾಗ ಕೇಳ್ರಿ, "ಸ್ಟುಡಿಯೋ" ಅನ್ನೂ ಮಾತ ಬಾಯಾಗಿಂದ ತಗೀಬ್ಯಾಡ್ರಿ, ಅದನ್ನ ಹೇಳಿದ ಕೂಡಲೇ ರೇಟ್ ಏರತೈತಿ.

ಚೌಕಟ್ಟಿಗೆ ನಾಕಿಂಚ್ ಅಗಲದ ಸಾದಾ ಹಲಗಿ ನಡೀತೈತಿ, ಬಡಿಗ್ಯಾರ ಒಂದ ದಿನದಾಗ ಆರು ಮಾಡಿ ಕೊಡ್ತಾರ. ಒಳಗಿನ ಅಳತಿ ಸ್ಲ್ಯಾಬಿಗಿಂತ ಅರ್ಧ ಇಂಚ್ ಸಣ್ಣದ ಇಡಿಸ್ರಿ, ಬಿಗಿಯಾಗಿ ಕೂಡತೈತಿ, ಇಲ್ಲಂದ್ರ ಆರು ತಿಂಗಳಿಗೆ ಜೋತು ಬೀಳತೈತಿ. ಹಿಂದ ಹಲಗಿ ಬಡೀಬ್ಯಾಡ್ರಿ, ಸೊಳ್ಳಿ ಜಾಳಗಿ ಹಚ್ಚಿ ಬಿಡ್ರಿ. ಮೊದಲ ತೆಳ್ಳನ ನಾನ್‌ವೋವನ್ ಸುತ್ತಿ, ಅದರ ಮ್ಯಾಲ ಕೋರಾ ಅರಿವಿ ಎಳದು ಸ್ಟೇಪಲ್ ಹೊಡೀರಿ. ಯಾವ ಅರಿವಿ ಆಗತೈತಿ ಅಂತ ನೋಡಾಕ ಅಂಗಡ್ಯಾಗ ಬಾಯಿ ಹಚ್ಚಿ ಊದ್ರಿ, ಆ ಕಡೆ ಅಂಗೈಗೆ ಗಾಳಿ ತಗಲಿದ್ರ ಸೌಂಡೂ ಹೋಗತೈತಿ. ರೆಕ್ಸಿನ್ ಬ್ಯಾಡ.

ಕತ್ತರಿಸೋ ಮುಂದ ಮಾಸ್ಕ್, ತುಂಬು ತೋಳಿನ ಅಂಗಿ, ಹ್ಯಾಂಡ್‌ಗ್ಲೌಸ್ ಹಾಕ್ಕೊಳ್ರಿ, ಮಾಳಗಿ ಮ್ಯಾಲೆ ಹೋಗಿ ಮಾಡ್ರಿ. ನಾ ಮೊದಲ ಸಲ ಬನಿಯನ್ ಮ್ಯಾಲ ಕುಂತು ಕೊಯ್ದೆ, ಎರಡ ದಿನ ಕೈ ಕುತ್ತಿಗಿ ಎಲ್ಲಾ ತುರಸೇ ತುರಸಿತ್ರಿ. ತಣ್ಣೀರಾಗ ತೊಳಕೋರಿ, ತಿಕ್ಕಬ್ಯಾಡ್ರಿ.

ಡ್ರಿಲ್ ಬ್ಯಾಡಂದ್ರ ಕೆಳಗ ಎರಡು ಕಟ್ಟಿಗಿ ಕಾಲು ಹಚ್ಚಿ ನಿಲ್ಲಿಸ್ರಿ. ಮನಿ ಬಿಟ್ಟಾಗ ಸಂಗಡ ತಗೊಂಡ ಹೋಗಬಹುದು.

ತಂಬೂರಿತಂತಿ (ಮೈಸೂರು)

ಎರಡುಗೋಡೆ ಸರ್, ನಿಮ್ಮ ಮಾತು ಓದಿ ರಾತ್ರಿನೇ ಟೋನ್ ಹಾಕಿ ನೋಡ್ದೆ. ಹಳೇ ಜಾಗದಲ್ಲಿ 43ರ ಹತ್ರ ಪೂರ್ತಿ ಮಾಯ, 54ರಿಂದ 58 ತೀರಾ ಕಮ್ಮಿ, 90ರಿಂದ 97 ಮತ್ತೆ ಗುಂಡಿ. ಲೆಕ್ಕ ಹಾಕಿದ ಹಾಗೇ ಇದೆ, ಮೈ ಜುಂ ಅಂತು. ಎದ್ದು ಮಂಚದ ಹಿಂದೆ ಮೂಲೇಲಿ ನಿಂತ್ರೆ 43 ಹೊಟ್ಟೇಲೇ ಗೊತ್ತಾಗುತ್ತೆ. ಇನ್ನೊಂದು ಸಿಕ್ತು, 71ಕ್ಕೆ ಬಂದ ತಕ್ಷಣ ಬೀರು ಹಿಡಿ ರೊಯ್ಯ್ ಅಂತ ಅದುರೋಕ್ಕೆ ಶುರು, ಇಷ್ಟು ದಿನ ಅದನ್ನ ಮೃದಂಗದ ನಾದ ಅಂದ್ಕೊಂಡು ಕಟ್ ಮಾಡ್ತಿದ್ದೆ! ಹಿಡಿ ಹಿಂದೆ ಬಟ್ಟೆ ತುರುಕಿದ ಮೇಲೆ ನಿಂತ್ತು.

ಭಾನುವಾರ ಟೇಬಲ್ ಗೋಡೆ ಹತ್ರಕ್ಕೆ ಸರಿಸ್ದೆ, ಕುರ್ಚಿ 5 ಅಡಿಗೆ. 90ರ ಗುಂಡಿ ಹೋಯ್ತು, 43 ಅಲ್ಪಸ್ವಲ್ಪ ಬಂತು. ಆದ್ರೆ 87ರ ಹತ್ರ ಈಗ ಉಬ್ಬು ಬಂದಿದೆ, 56 ಇನ್ನೂ ಸೊರಗಿದೆ. ಕುರ್ಚಿ ಹಿಂದೆ ಮುಂದೆ ಆಡ್ಸಿದ್ರೂ 56 ಬರಲ್ಲ. ಇದಕ್ಕೇನು ಮಾಡ್ಲಿ?

ಇನ್ನೊಂದು ಪ್ರಶ್ನೆ, ಹಾಡೋಕ್ಕೆ ಮುಂಚೆ ಅಮ್ಮ ಆ ರೂಮಲ್ಲೇ ದೀಪ ಹಚ್ಚಿ ಊದುಬತ್ತಿ ಇಡ್ತಾರೆ. ಫೋಮ್ ಇದ್ರೆ ತೊಂದ್ರೆನಾ?

ಎರಡುಗೋಡೆ (ಬೆಂಗಳೂರು)

ಮೊದಲು ದೀಪದ ಮಾತು. ಫೋಮ್ ಇವತ್ತೇ ಪೂರ್ತಿ ಕೀಳಿ, ನಾನು ಅರ್ಧ ಅಂದಿದ್ದು ವಾಪಸ್ ತಗೋತೀನಿ. ಸಾದಾ ಪಿಯು (ಪಾಲಿಯುರೆಥೇನ್) ಫೋಮ್ ಕಿಡಿ ತಗುಲಿದ್ರೆ ನಿಮಿಷದಲ್ಲಿ ಗೋಡೆ ತುಂಬಾ ಹಬ್ಬುತ್ತೆ, ಹೊಗೆ ವಿಷ, ಬಾಗಿಲವರೆಗೂ ಬರೋಕ್ಕೆ ಬಿಡಲ್ಲ. ವಯಸ್ಸಾದೋರು ಕೂರೋ ರೂಮು ಅದು. ರಾಕ್‌ವೂಲ್ ಕಲ್ಲು ಕರಗಿಸಿ ಮಾಡಿದ್ದು, ಅದು ಹತ್ತಿ ಉರಿಯಲ್ಲ, ಮೇಲಿನ ಬಟ್ಟೆ ಚೌಕಟ್ಟು ಉರಿಯುತ್ತೆ, ಹಾಗಾಗಿ ದೀಪ ದೂರಾನೇ ಇರ್ಲಿ, ಆದಷ್ಟು ದೇವರ ಮನೇಲೇ ಹಚ್ಚಿ ಬರ್ಲಿ.

56 ಯಾಕೆ ಬರಲ್ಲ ಅಂದ್ರೆ ಅದು ಅಗಲದ್ದು ಮತ್ತೆ ಎತ್ತರದ್ದು, ನೀವು ಸರಿಸ್ತಿರೋದು ಉದ್ದಕ್ಕೆ. ಎಡಬಲ ಸರಿಸಿದ್ರೆ ಸ್ಟೀರಿಯೋ ಕೆಡುತ್ತೆ, ಅದನ್ನ ಮುಟ್ಟಬೇಡಿ. ಮೂಲೆಗಳಲ್ಲಿ ದಪ್ಪ ಹಾಕಿದ್ರೆ ಸ್ವಲ್ಪ ಸುಧಾರಿಸುತ್ತೆ, ಪೂರ್ತಿ ಹೋಗಲ್ಲ, ಈ ಅಳತೆ ರೂಮಲ್ಲಿ ಯಾರಿಗೂ ಪೂರ್ತಿ ಹೋಗಲ್ಲ. ಒಂದು ಮಾತ್ರ ಖಂಡಿತ ಮಾಡ್ಬೇಡಿ, ಮಾನಿಟರ್ ಈಕ್ಯೂ ಹಾಕಿ 56ನ್ನ ಎತ್ತಬೇಡಿ. ಎರಡು ಅಲೆ ಒಂದನ್ನೊಂದು ಹೊಡೀತಿರೋ ಜಾಗ ಅದು, ಎಷ್ಟು ಸುರಿದ್ರೂ ಅಷ್ಟೇ ಹೊಡ್ಕೊಳ್ಳುತ್ತೆ, ವೂಫರ್ ಸುಮ್ನೆ ಏದುಸಿರು ಬಿಡುತ್ತೆ. ಉಬ್ಬನ್ನ ಬೇಕಾದ್ರೆ ಈಕ್ಯೂನಲ್ಲಿ ಇಳಿಸಬಹುದು, ಗುಂಡಿ ತುಂಬೋಕಾಗಲ್ಲ. ಆ ಎ ಸ್ವರ ಬಂದಾಗ ಹೆಡ್‌ಫೋನ್ ಹಾಕಿ ನೋಡ್ಕೊಳ್ಳಿ, ಹೆಡ್‌ಫೋನಿಗೆ ರೂಮಿಲ್ಲ.

ಆರು ಪ್ಯಾನೆಲ್ ಆಗೋ ಹಾಗಿದ್ರೆ ನಾನು ಹಾಕೋದು ಹೀಗೆ: ಹಿಂದಿನ ಎರಡು ಮೂಲೆಗೆ ಓರೆಯಾಗಿ ಒಂದೊಂದು, ಹಿಂದೆ ತ್ರಿಕೋನ ಜಾಗ ಖಾಲಿ ಇರ್ಲಿ ಅಥವಾ ಮಿಕ್ಕಿದ ರಾಕ್‌ವೂಲ್ ತುಂಬಿ. ಮೂಲೆ ಅಂದ್ರೆ ಎಲ್ಲಾ ಅಲೆನೂ ಬಂದು ಸೇರೋ ಜಾಗ, 87ರ ಉಬ್ಬು ಇಳಿಯೋದು ಅಲ್ಲೇ. ಎರಡು ಪಕ್ಕದ ಗೋಡೆಗೆ, ಎಲ್ಲಿಗೆ ಅಂತ ಗೊತ್ತಾಗೋಕ್ಕೆ ನೀವು ಕುರ್ಚಿಯಲ್ಲಿ ಕೂತು ಮನೇಲಿ ಯಾರಿಗಾದ್ರೂ ಗೋಡೆಗೆ ಕನ್ನಡಿ ಹಿಡಿದು ಸರಿಸ್ತಾ ಹೋಗೋಕ್ಕೆ ಹೇಳಿ, ಎಲ್ಲಿ ಕನ್ನಡೀಲಿ ಸ್ಪೀಕರ್ ಕಾಣ್ಸುತ್ತೋ ಅಲ್ಲಿ ನಿಲ್ಸಿ. ಮಿಕ್ಕ ಎರಡು ಸ್ಪೀಕರ್ ಹಿಂದೆ, ಆ 210ರ ಗುಂಡಿಗೆ, ಅದಕ್ಕೆ ಸ್ಪೀಕರ್ ಸ್ವಲ್ಪ ಮುಂದೆ ಬಂದ್ರೂ ಚಿಂತೆ ಇಲ್ಲ. ಗೋಡೆಗೂ ಪ್ಯಾನೆಲ್ಲಿಗೂ ಎರಡರಿಂದ ನಾಲ್ಕಿಂಚು ಗಾಳಿ ಬಿಟ್ರೆ ಅದೇ ಪ್ಯಾನೆಲ್ ಇನ್ನೂ ಕೆಳಗಿನವರೆಗೂ ಕೆಲಸ ಮಾಡುತ್ತೆ. ಮಂಚ, ಹತ್ತಿ ಹಾಸಿಗೆ ಅಲ್ಲೇ ಇರ್ಲಿ, ಅದೂ ಒಂದು ಕೆಲಸ ಮಾಡ್ತಿದೆ.

ಚೆಂಡೆಪೆಟ್ಟು (ಉಡುಪಿ)

ಗಾಳಿ ಬಿಡ್ಲಿಕ್ಕೆ ಇನ್ನೊಂದು ಕಾರಣ ಉಂಟು ಮಾರಾಯ್ರೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಗೋಡೆಯೆಲ್ಲ ಚಂಡಿ, ನಾನು ಮೊದಲು ಗೋಡೆಗೆ ತಾಗಿಸಿಯೇ ಇಟ್ಟಿದ್ದೆ, ಮಳೆ ಮುಗಿದು ತೆಗೆದು ನೋಡಿದ್ರೆ ಹಿಂದಿನ ಬಟ್ಟೆ ಪೂರಾ ಬೂಸ್ಟು. ಮೈಸೂರಿಗೆ ಅಷ್ಟು ಇರ್ಲಿಕ್ಕಿಲ್ಲ, ಆದ್ರೂ ಬಾತ್‌ರೂಮಿನ ಪಕ್ಕದ ಗೋಡೆಯಾದ್ರೆ ನೋಡಿಕೊಳ್ಳಿ.

ನನಗೆ ಹೇಳ್ಲಿಕ್ಕಿರುವುದು ಅಮ್ಮನ ಬಗ್ಗೆ. ಮಿಕ್ಸ್ ಬಗ್ಗೆ ಇಷ್ಟು ಮಾತಾಯ್ತು, ಅವರನ್ನು ಎಲ್ಲಿ ಕೂರಿಸ್ತೀರಿ ಅಂತ ಯಾರೂ ಕೇಳ್ಲಿಲ್ಲ. ಮಿಕ್ಸ್ ಮತ್ತೆ ಎಷ್ಟು ಸಲ ಬೇಕಾದ್ರೂ ಮಾಡಬಹುದು, ಅವರ ಸ್ವರಕ್ಕೆ ಮೂಗಿನೊಳಗಿಂದ ಬಂದ ಹಾಗೆ ರೂಮು ಅಂಟಿಕೊಂಡ್ರೆ ತೆಗೀಲಿಕ್ಕೆ ಆಗುದಿಲ್ಲ.

ಕಾರ್ಡಿಯಾಯ್ಡ್ ಮೈಕಾದ್ರೆ ಅದು ಮುಂದಿನದ್ದನ್ನು ಹಿಡಿಯುವುದು, ಹಿಂದಿನದ್ದನ್ನು ಬಿಡುವುದು. ಅಂದ್ರೆ ಹಾಡುವವರ ಬೆನ್ನ ಹಿಂದೆ ಏನುಂಟೋ ಅದು ಮೈಕಿಗೆ ಕೇಳ್ತದೆ. ಎಲ್ಲರೂ ಮೈಕಿನ ಹಿಂದೆ ಫೋಮ್ ಇಡ್ತಾರೆ, ಇಡಬೇಕಾದ್ದು ಅಮ್ಮನ ಬೆನ್ನ ಹಿಂದೆ. ಪ್ಯಾನೆಲ್ ಆಗುವವರೆಗೆ ಎರಡು ದಪ್ಪ ಕಂಬಳಿ ಹಗ್ಗಕ್ಕೆ ನೆರಿಗೆ ನೆರಿಗೆಯಾಗಿ ಹಾಕಿ, ಗೋಡೆಯಿಂದ ಅರ್ಧ ಅಡಿ ಬಿಟ್ಟು, ಸ್ವರದ ಮಟ್ಟಿಗೆ ತುಂಬಾ ಒಳ್ಳೇದಾಗ್ತದೆ. ಮೈಕಿನ ಬೆನ್ನು ಕಿಟಕಿ ಕಡೆಗೆ ಇರ್ಲಿ, ರಸ್ತೆ ಶಬ್ದ ಕಡಿಮೆ ಬರ್ತದೆ. ರೂಮಿನ ಸರಿ ಮಧ್ಯದಲ್ಲಿ ಕೂರಿಸಬೇಡಿ. ನೆಲದಲ್ಲಿ ಕೂತು ಹಾಡಿ ಅಭ್ಯಾಸ ಆದ್ರೆ ನೆಲದಲ್ಲೇ ಕೂರಿಸಿ, ಸ್ಟೂಲ್ ಹತ್ತಿಸ್ಲಿಕ್ಕೆ ಹೋಗಬೇಡಿ, ಉಸಿರು ಬದಲಾಗ್ತದೆ. ಟೈಲ್ಸ್ ಮೇಲೆ ಜಮಖಾನ, ಅದರ ಮೇಲೆ ಚಾಪೆ. ಮೈಕ್ ಬಾಯಿಂದ ಒಂದು ಗೇಣು, ಸ್ವಲ್ಪ ಓರೆ.

ಶ್ರುತಿ ಒಂದೇ ಕಿವಿಗೆ ಇಯರ್‌ಫೋನಲ್ಲಿ ಕೊಡಿ, ಇನ್ನೊಂದು ಕಿವಿ ತೆರೆದಿರ್ಲಿ. ಎರಡೂ ಮುಚ್ಚಿದ್ರೆ ಹಳಬರಿಗೆ ಅವರ ಸ್ವರವೇ ಅವರಿಗೆ ಸಿಗುದಿಲ್ಲ, ಜೋರು ಹಾಡ್ತಾರೆ, ಶ್ರುತಿ ಮೇಲೆ ಹೋಗ್ತದೆ. ಫ್ಯಾನ್ ಬಂದ್. ಬೆಳಿಗ್ಗೆ ಆರಕ್ಕೆ ಮುಂಚೆ, ಅಕ್ಕಪಕ್ಕದ ಕುಕ್ಕರ್, ಮಿಕ್ಸಿ ಶುರುವಾಗುವ ಮೊದಲು ಮಾಡಿ. ಈ ಪ್ಯಾನೆಲ್‌ನಿಂದ ಹೊರಗಿನ ಶಬ್ದ ನಿಲ್ಲುದಿಲ್ಲ, ಅದು ಬೇರೆಯೇ ಕೆಲಸ, ಅದಕ್ಕೆ ಭಾರ ಬೇಕು, ಸಂದು ಮುಚ್ಚಬೇಕು. ಬಾಡಿಗೆ ಮನೆಯಲ್ಲಿ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಅಷ್ಟಕ್ಕೇ ಬಿಡಿ.

ತಂಬೂರಿತಂತಿ (ಮೈಸೂರು)

ಮೂರು ವಾರ ಆದ್ಮೇಲೆ ಬರೀತಿದೀನಿ. ಫೋಮ್ ಅವತ್ತೇ ಕಿತ್ತೆ, ಪೇಂಟ್ ಜೊತೆಗೇ ಬಂತು, ಓನರ್‌ಗೆ ನಾನೇ ಮುಂಚೆ ಹೇಳಿ ಹೊಡ್ಸಿ ಕೊಡ್ತೀನಿ ಅಂದಿದೀನಿ. ಆರು ಪ್ಯಾನೆಲ್ ಆಯ್ತು, ಮರ, ಬಟ್ಟೆ, ಕೂಲಿ ಎಲ್ಲಾ ಸೇರಿ 11 ಸಾವಿರ ಚಿಲ್ರೆ. ಊದಿ ನೋಡಿ ಬಟ್ಟೆ ತಗೊಂಡೆ, ಅಂಗಡಿಯೋರು ವಿಚಿತ್ರವಾಗಿ ನೋಡಿದ್ರು. ಕನ್ನಡಿ ಹಿಡಿದಿದ್ದು ಅಮ್ಮನೇ.

87ರ ಉಬ್ಬು ಚೆನ್ನಾಗಿ ಇಳ್ದಿದೆ. 56 ನೀವು ಹೇಳಿದ ಹಾಗೇ ಸ್ವಲ್ಪ ಬಂತು, ಪೂರ್ತಿ ಇಲ್ಲ, ಅಲ್ಲಿ ಹೆಡ್‌ಫೋನ್ ಹಾಕ್ತಿದೀನಿ. ಎಲ್ಲಕ್ಕಿಂತ ದೊಡ್ಡದು ಏನಂದ್ರೆ ಹಳೇ ಮಿಕ್ಸ್ ಹಾಕಿದ್ರೆ ಈಗ ರೂಮಲ್ಲೇ ಗುಂಯ್ ಅನ್ನುತ್ತೆ, ಕಾರವರೆಗೂ ಹೋಗೋದೇ ಬೇಡ. ಏಳು ಪದದ ಮಿಕ್ಸ್ ಮತ್ತೆ ಮೊದಲಿಂದ ಮಾಡ್ತಿದೀನಿ, ಬೇಸ್ ಎತ್ತಿದ್ದೆಲ್ಲಾ ತೆಗ್ದೆ, ಮೃದಂಗದ ಈಕ್ಯೂ ಪೂರ್ತಿ ಆಫ್ ಮಾಡಿದ್ರೂ ಸರಿ ಇದೆ.

ಉಡುಪಿಯೋರ ಮಾತು ಕೇಳಿ ಮೊನ್ನೆ ಬೆಳಿಗ್ಗೆ ಐದೂವರೆಗೆ ಜಮಖಾನದ ಮೇಲೆ ಕೂರಿಸಿ, ಬೆನ್ನ ಹಿಂದೆ ಕಂಬಳಿ ಹಾಕಿ ಒಂದು ಪದ ರೆಕಾರ್ಡ್ ಮಾಡ್ದೆ. ಪ್ಲೇ ಮಾಡ್ದಾಗ ಅಮ್ಮ "ಇದು ನನ್ನ ದನಿ ಥರಾನೇ ಇದೆಯಲ್ಲೋ" ಅಂದ್ರು, ಹಿಂದೆ ರೆಕಾರ್ಡ್ ಮಾಡಿದ್ದು ಒಂದನ್ನೂ ಹಾಗಂದಿರಲಿಲ್ಲ. ಎರಡನೇ ಚರಣದ ಕೊನೇಲಿ ಉಸಿರು ತಗೊಳ್ಳೋವಾಗ ಬಳೆ ಸದ್ದು ಒಂದಿದೆ, ಅದನ್ನ ತೆಗೀಬಾರ್ದು ಅಂದ್ಕೊಂಡಿದೀನಿ.

ಉಳಿದಿರೋ 14 ಸಾವಿರದಲ್ಲಿ ಚಾವಣಿಗೆ ಏನಾದ್ರೂ ಮಾಡೋಕ್ಕಾಗುತ್ತಾ, ಡ್ರಿಲ್ ಇಲ್ದೆ?

ಎರಡುಗೋಡೆ (ಬೆಂಗಳೂರು)

ಬಳೆ ಸದ್ದು ಬಿಡಿ ಸರ್, ಹಾಗೇ ಇರ್ಲಿ.

ಚಾವಣಿಗೆ ಡ್ರಿಲ್ ಇಲ್ದೆ ಅಂದ್ರೆ ನೆಲದ ಮೇಲೆ ನಿಲ್ಲೋ ಹಾಗೆ ನಾಲ್ಕು ಕಂಬ ನಿಲ್ಲಿಸಿ, ಹಳೇ ಕಾಲದ ಸೊಳ್ಳೆಪರದೆ ಮಂಚ ಇರ್ತಿತ್ತಲ್ಲ ಆ ಥರ, ಮೇಲೆ ಎರಡು ಪ್ಯಾನೆಲ್ ಮಲಗಿಸಬೇಕು. ಒಂದೊಂದು ಏಳೆಂಟು ಕೆಜಿ ಬರುತ್ತೆ, ನಿಮ್ಮ ತಲೆ ಮೇಲೆ ಇರುತ್ತೆ, ಹಾಗಾಗಿ ಬಡಗಿ ಕೈಲೇ ಮಾಡ್ಸಿ, ಅಡ್ಡಪಟ್ಟಿ ಬೋಲ್ಟ್ ಹಾಕ್ಸಿ, ಮೊಳೆ ನಂಬಬೇಡಿ. ತಲೆಗಿಂತ ಸ್ವಲ್ಪ ಮುಂದೆ, ನಿಮಗೂ ಸ್ಪೀಕರಿಗೂ ನಡುವೆ ಬರ್ಲಿ. ಅದಾದ್ಮೇಲೂ ದುಡ್ಡು ಮಿಕ್ಕಿದ್ರೆ ಹಿಂದಿನ ಗೋಡೆ ಮೂಲೇಲಿ ಇನ್ನೊಂದೊಂದು ಪ್ಯಾನೆಲ್ ಮೇಲಕ್ಕೆ ಪೇರಿಸಿ, ಈಗ ನಾಲ್ಕಡಿವರೆಗೂ ಮಾತ್ರ ಇದೆ, ಎಂಟಡಿ ಆಗ್ಲಿ.